ನಮ್ಮ ಮನೆ ವೈಫೈಗೆ ಬಂದವರು

2022ರ ಸೆಪ್ಟೆಂಬರ್ 16ರಂದು ಟೆಹರಾನ್‌ನಲ್ಲಿ ಮಹ್ಸಾ ಅಮೀನಿ ತೀರಿಕೊಂಡಳು. ಹಿಜಾಬ್ ಸರಿಯಾಗಿ ಹಾಕಿಲ್ಲ ಅಂತ ಪೊಲೀಸರು ಹಿಡಿದೊಯ್ದಿದ್ದ ಹುಡುಗಿ. ಇರಾನಿನ ಊರೂರಲ್ಲೂ ಜನ ಬೀದಿಗಿಳಿದರು. ವಾರದೊಳಗೆ ಅಲ್ಲಿನ ಸರ್ಕಾರ ಇನ್‌ಸ್ಟಾಗ್ರಾಂ, ವಾಟ್ಸಾಪ್ ಎರಡನ್ನೂ ತಡೆಯಿತು. ಫೇಸ್‌ಬುಕ್, ಟೆಲಿಗ್ರಾಂ ಮೊದಲೇ ಬಂದ್ ಆಗಿದ್ದವು.

ಮೈಸೂರಿಗೆ ಇರಾನಿ ವಿದ್ಯಾರ್ಥಿಗಳು ಹೊಸಬರಲ್ಲ. ನಮ್ಮ ಬೀದಿಯಲ್ಲೂ ಒಬ್ಬ ಬಾಡಿಗೆಗಿದ್ದ. ಊರಿನ ಸುದ್ದಿ ಕೇಳಿದರೆ ಜಾಸ್ತಿ ಮಾತಾಡುತ್ತಿರಲಿಲ್ಲ. ಒಂದು ಸಂಜೆ ಮಾತ್ರ ತಾನೇ ಕೇಳಿದ: "ಅಂಕಲ್, ನಿಮ್ಮ ಕಂಪ್ಯೂಟರ್ ದಿನವಿಡೀ ಆನ್ ಇರುತ್ತಾ?"

ಅವನು ಹಾಕಿಕೊಟ್ಟದ್ದು ಸ್ನೋಫ್ಲೇಕ್. ಬ್ರೌಸರ್‌ಗೆ ಸೇರಿಸುವ ಪುಟ್ಟ ಎಕ್ಸ್‌ಟೆನ್ಶನ್, ಟಾರ್‌ನವರದು. ಟಾರ್ ಅಂದರೆ ಯಾರು ಏನು ನೋಡುತ್ತಿದ್ದಾರೆ ಅಂತ ಗೊತ್ತಾಗದ ಹಾಗೆ, ಹಲವು ಸರ್ವರ್‌ಗಳ ಮೂಲಕ ಹಾಯಿಸಿ ವೆಬ್‌ಸೈಟ್‌ಗೆ ತಲುಪಿಸುವ ಜಾಲ. ಸ್ನೋಫ್ಲೇಕ್ ಹಾಕಿದರೆ, ತಡೆಯಿರುವ ದೇಶದವರು ನಮ್ಮ ಮನೆಯ ಇಂಟರ್ನೆಟ್ ಮೂಲಕ ಆ ಜಾಲ ಸೇರಬಹುದು. ಟಾರ್‌ನ ಗೊತ್ತಿರುವ ವಿಳಾಸಗಳನ್ನೆಲ್ಲ ಸರ್ಕಾರ ತಡೆಯಬಹುದು. ಆದರೆ ಮೈಸೂರಿನ ಯಾವುದೋ ಮನೆಯ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ಅದರ ಗುರುತಿನ ಸಂಖ್ಯೆ, ಅವರ ಪಟ್ಟಿಯಲ್ಲಿ ಎಲ್ಲಿರುತ್ತೆ? ಇವತ್ತು ನಮ್ಮ ಮನೆ, ನಾಳೆ ಇನ್ಯಾರದೋ ಮನೆ. ಹೊರಗಿನಿಂದ ನೋಡಿದವರಿಗೆ ಆ ಕನೆಕ್ಷನ್ ವಿಡಿಯೋ ಕಾಲ್ ಥರ ಕಾಣುತ್ತೆ.

"ರೀ, ಅವರು ಏನಾದ್ರೂ ಮಾಡಿದ್ರೆ ಪೊಲೀಸರು ನಮ್ಮ ಮನೆಗೆ ಬರಲ್ವಾ?" ಅಂದಳು ಹೆಂಡತಿ. ನ್ಯಾಯವಾದ ಪ್ರಶ್ನೆ. ನಮ್ಮಲ್ಲಿಗೆ ಬಂದದ್ದು ನೇರವಾಗಿ ವೆಬ್‌ಸೈಟ್‌ಗೆ ಹೋಗುವುದಿಲ್ಲ. ಮೊದಲು ಟಾರ್ ಜಾಲ ಹೊಕ್ಕು, ಕೊನೆಗೆ ಬೇರೆಯವರ ಸರ್ವರ್‌ನಿಂದ ಹೊರಬೀಳುತ್ತೆ. ಹಾಗಾಗಿ ಆ ವೆಬ್‌ಸೈಟ್‌ಗೆ ನಮ್ಮ ವಿಳಾಸ ಕಾಣುವುದಿಲ್ಲ. ಅವರು ಓದುವುದೇನು ಅಂತ ನಮಗೂ ಕಾಣುವುದಿಲ್ಲ. ಆ ಕೊನೆಯ ಬಾಗಿಲನ್ನೇ ನಡೆಸಿ ಅಂದಿದ್ದರೆ ನಾನು ಖಂಡಿತ ಒಪ್ಪುತ್ತಿರಲಿಲ್ಲ. ಅಷ್ಟು ಧೈರ್ಯ ನನಗಿಲ್ಲ.

ಬ್ರೌಸರ್‌ನಲ್ಲಿ ಸ್ನೋಫ್ಲೇಕ್‌ನ ಗುರುತು ನೇರಳೆ ಬಣ್ಣದ ಹಿಮದ ಹರಳಿನ ಚಿತ್ರ. ಯಾರಾದರೂ ಬಂದರೆ ಹಸಿರಾಗುತ್ತೆ. ಮೊದಲ ರಾತ್ರಿ ಹಸಿರಾಗಲೇ ಇಲ್ಲ. ನಮ್ಮ ಕೇಬಲ್‌ನವರು ಒಂದೇ ಐಪಿಯನ್ನು ಹಲವು ಮನೆಗಳಿಗೆ ಹಂಚುತ್ತಾರೆ. ಹಾಗಿದ್ದಾಗ ಎಲ್ಲರ ಜೊತೆಗೂ ಕನೆಕ್ಷನ್ ಕೂಡುವುದಿಲ್ಲವಂತೆ. ಮಾರನೇ ದಿನ ತಿಂಡಿ ಹೊತ್ತಿಗೆ ಹಸಿರಾಯಿತು. ಮಗಳು ಆನ್‌ಲೈನ್ ಕ್ಲಾಸ್ ಬಿಟ್ಟು ನೋಡಲು ಓಡಿಬಂದಳು. ನೋಡುವುದಕ್ಕೆ ಅಲ್ಲೇನೂ ಇರಲಿಲ್ಲ, ಬಿಡಿ.

ಅಕ್ಟೋಬರ್ ಶುರುವಿನಲ್ಲಿ ಇರಾನ್ ಸ್ನೋಫ್ಲೇಕ್‌ನ ಗುರುತು ಹಿಡಿಯಿತು. ಕನೆಕ್ಷನ್ ಶುರುವಾಗುವ ರೀತಿ ಮಾಮೂಲಿ ಬ್ರೌಸರ್‌ನ ಹಾಗಿರಲಿಲ್ಲ, ಅದೇ ಸುಳಿವು. ಅಲ್ಲಿಂದ ಬರುವವರು ಒಮ್ಮೆಲೇ ಕಡಿಮೆಯಾದರು. ಟಾರ್‌ನವರು ಅದನ್ನು ಸರಿಪಡಿಸಿ ಅಪ್‌ಡೇಟ್ ಬಿಟ್ಟರು. ಆದರೆ ಇಂಟರ್ನೆಟ್ಟನ್ನೇ ಪೂರ್ತಿ ಕಿತ್ತುಹಾಕಿದರೆ ಯಾವ ಅಪ್‌ಡೇಟೂ ಕೆಲಸಕ್ಕೆ ಬರುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕಾಶ್ಮೀರದಲ್ಲಿ ಆದದ್ದು ಅದೇ ಅಲ್ವಾ? ಅಲ್ಲಿ 4ಜಿ ವಾಪಸ್ ಬಂದದ್ದು 2021ರ ಫೆಬ್ರವರಿಯಲ್ಲಿ.

"ನಿಮ್ಮಮ್ಮನೂ ನಮ್ಮ ಮನೆ ಮೂಲಕ ಬಂದಿರಬಹುದಾ?" ಅಂತ ಹುಡುಗನನ್ನು ಕೇಳಿದೆ. ನಕ್ಕುಬಿಟ್ಟ. "ಅಮ್ಮನಿಗೆ ತಮ್ಮ ಯಾವುದೋ ವಿಪಿಎನ್ ಹಾಕಿಕೊಟ್ಟಿದ್ದಾನೆ ಅಂಕಲ್. ಟಾರ್ ಅಂದ್ರೆ ಏನು ಅಂತಾನೂ ಅವರಿಗೆ ಗೊತ್ತಿಲ್ಲ." ಬಂದವರು ಇರಾನಿನವರೇ ಅಂತಲೂ ಹೇಳಲಾಗದು ಅಂದ. ರಷ್ಯಾ ಕೂಡ 2021ರ ಡಿಸೆಂಬರ್‌ನಿಂದ ಟಾರ್ ತಡೆದಿದೆಯಲ್ಲ. ಯಾರಾದರೇನು, ಬರಲಿ. ರಾತ್ರಿ ಕಂಪ್ಯೂಟರ್ ಆಫ್ ಮಾಡಬಾರದು ಅನ್ನುವುದಕ್ಕೆ ಮಾತ್ರ ಹೆಂಡತಿ ಇನ್ನೂ ಒಪ್ಪಿಲ್ಲ.