ಭಾನುವಾರದ ಪಾಠ: ನಾಲ್ಕನೇ ತಿಂಗಳು, ಒಂದು ಹಳೇ ಎಟಿಎಂ ಕಾರ್ಡು

ಆರೋಗ್ಯ ಕೆಲಸದವರು ಭಾನುವಾರ ವಿಡಿಯೋದಲ್ಲಿ ಸೇರಿ ಕಲಿಯುವ ಪಾಠ ಇದು, ನಡೆಸುವವಳು ನಾನು. ನವೆಂಬರಿನಲ್ಲಿ 6 ಜನ ಇದ್ದೆವು. ಈಗ ಫೆಬ್ರವರಿ, ನನ್ನನ್ನು ಬಿಟ್ಟು 14. ತೀರ್ಥಹಳ್ಳಿ, ಹೊಸನಗರ ಕಡೆಯ 9 ಆಶಾ ಕಾರ್ಯಕರ್ತೆಯರು, 3 ನರ್ಸ್‌ಗಳು, ಒಬ್ಬ ಲ್ಯಾಬ್ ಟೆಕ್ನಿಷಿಯನ್. ಹದಿನಾಲ್ಕನೆಯವಳು ಶಿವಮೊಗ್ಗದಲ್ಲಿ ನನ್ನ ಜೊತೆ ನರ್ಸಿಂಗ್ ಓದಿದವಳು. ಈಗ ದಕ್ಷಿಣ ಜರ್ಮನಿಯ ಆಸ್ಪತ್ರೆಯಲ್ಲಿದ್ದಾಳೆ. ನಮಗೆ ಸಂಜೆ ನಾಲ್ಕಾದರೆ ಅವಳಿಗೆ ಬೆಳಗ್ಗೆ ಹನ್ನೊಂದೂವರೆ.

ಮೊದಲ ತಿಂಗಳು ಪೂರ್ತಿ ಹಾಳಾಯಿತು, ತಪ್ಪು ನನ್ನದೇ. 42 ಸ್ಲೈಡ್ ಮಾಡಿಕೊಂಡು ಓದುತ್ತಾ ಹೋದೆ. ಯಾರೂ ಬಾಯಿ ಬಿಡಲಿಲ್ಲ. ಯಾರದ್ದೋ ಮನೆಯ ಕುಕ್ಕರ್ ಮಾತ್ರ ಮೂರು ಸಲ ಕೂಗಿತು.

ಆಮೇಲೆ ಎಕೋ ಪದ್ಧತಿ ಹಿಡಿದೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 2003ರಲ್ಲಿ ಡಾ. ಸಂಜೀವ್ ಅರೋರಾ ಶುರು ಮಾಡಿದ್ದು. ಹೆಪಟೈಟಿಸ್ ಸಿ ರೋಗಿಗಳು ಅವರನ್ನು ಕಾಣಲು ತಿಂಗಳುಗಟ್ಟಲೆ ಕಾಯಬೇಕಿತ್ತು. ಅದಕ್ಕೆ ಅವರು ಹಳ್ಳಿ ಡಾಕ್ಟರುಗಳನ್ನೇ ವಿಡಿಯೋದಲ್ಲಿ ಕೂರಿಸಿಕೊಂಡು, ಅವರವರ ರೋಗಿಗಳ ಬಗ್ಗೆ ಮಾತಾಡಿಸಿದರು. ನಮ್ಮ ನಿಮ್ಹಾನ್ಸ್ ಕೂಡ ಈ ದಾರಿಯಲ್ಲಿ ಪಾಠ ಮಾಡುತ್ತದೆ. ನಮ್ಮದು ಅದರ ಬಡ ತಂಗಿ ಅಷ್ಟೇ. ವಾರಕ್ಕೆ ಒಬ್ಬರು ಒಂದು ಕೇಸ್ ಹೇಳಬೇಕು. ಹೆಸರು ಬೇಡ, ಊರು ಬೇಡ. ಉಳಿದವರು ಕೇಳಬೇಕು.

ಕಳೆದ ಭಾನುವಾರದ ಕೇಸ್ ಉಣುಗಿನದ್ದು, ಮಂಗನ ಕಾಯಿಲೆ ಹರಡುವ ರಕ್ತ ಹೀರುವ ಹುಳ. ದರಗು (ಒಣ ಎಲೆ) ಗುಡಿಸಿ ತರಲು ಕಾಡಿಗೆ ಹೋದ ಅಜ್ಜಿಯ ಕಾಲಿಗೆ ನಾಲ್ಕು ಉಣುಗು ಕಚ್ಚಿಕೊಂಡಿದ್ದವು. ಮನೆಯವರು ಸೀಮೆಎಣ್ಣೆ ಹಚ್ಚಿದ್ದರು. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆಶಾ ಕೊಟ್ಟಿದ್ದ ಡೆಪಾ ಎಣ್ಣೆ ಬಾಟಲಿ ದೇವರ ಗೂಡಿನ ಪಕ್ಕ ಹಾಗೇ ಇತ್ತಂತೆ, ಸೀಲು ಕೂಡ ಒಡೆದಿರಲಿಲ್ಲ.

"ಅಯ್ಯೋ ಮಾರಾಯ್ತಿ, ಇಲ್ಲೂ ಅದೇ! ಎಣ್ಣೆ ಬಿಡ್ತಾರೆ, ಗಮ್ ಹಚ್ತಾರೆ," ಅಂದಳು ಜರ್ಮನಿಯವಳು. ಏನೂ ಹಚ್ಚಬಾರದು. ಚರ್ಮಕ್ಕೆ ತಾಗುವಷ್ಟು ಹತ್ತಿರ ಚಿಮಟದಲ್ಲಿ ಹಿಡಿದು ನಿಧಾನಕ್ಕೆ ನೇರ ಎಳೆಯಬೇಕು, ಹೊಟ್ಟೆ ಹಿಚುಕಬಾರದು. ಅಲ್ಲಿ ಮೆಡಿಕಲ್ ಶಾಪಿನಲ್ಲಿ ಇದಕ್ಕೇ ಒಂದು ಕಾರ್ಡ್ ಸಿಗುತ್ತದೆ, ಅಂಚಿನಲ್ಲಿ ವಿ ಆಕಾರದ ಕಚ್ಚು ಇರುತ್ತದೆ. ಕ್ಯಾಮೆರಾಕ್ಕೆ ಹಿಡಿದು ತೋರಿಸಿದಳು.

ಮಂಗಳವಾರ ಒಬ್ಬ ಆಶಾ ಹಳೇ ಎಟಿಎಂ ಕಾರ್ಡಿಗೆ ಬ್ಲೇಡಿನಲ್ಲಿ ಕಚ್ಚು ಹಾಕಿ ಫೋಟೋ ಕಳಿಸಿದರು. ಮನೆ ನಾಯಿಯ ಮೇಲೆ ಪ್ರಯೋಗ. ದಪ್ಪ ಉಣುಗು ಸಲೀಸಾಗಿ ಬಂತು. ಆದರೆ ಮನುಷ್ಯರಿಗೆ ಜಾಸ್ತಿ ಕಾಯಿಲೆ ತರುವುದು ಮರಿ ಉಣುಗು, ಸಾಸಿವೆಗಿಂತ ಸಣ್ಣದು. ಅದು ಕಚ್ಚಿನಲ್ಲಿ ಜಾರಿಹೋಯಿತು. ಅದಕ್ಕೆ ಚೂಪು ತುದಿಯ ಚಿಮಟವೇ ಸರಿ.

ಭಾನುವಾರ ಇನ್ನೊಂದು ಮಾತೂ ಬಂದಿತ್ತು. ಜರ್ಮನಿಯವಳ ಊರಿನ ಉಣುಗು ಜ್ವರದ ವೈರಸ್, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಸಿಕ್ಕ ನಮ್ಮ ಮಂಗನ ಕಾಯಿಲೆಯ ವೈರಸ್ಸಿಗೆ ದಾಯಾದಿ. ಸಾಗರದ ಕಡೆ ಕೆಲಸ ಮಾಡಿದ ನರ್ಸ್ ಒಬ್ಬರು, "ಜ್ವರ ಬಿಡ್ತು ಅಂತ ಮನೆಗೆ ಕಳಿಸ್ತೀವಿ, ವಾರ ಬಿಟ್ಟು ಕೆಲವರಿಗೆ ತಲೆನೋವು, ನಡುಕದ ಜೊತೆ ಮತ್ತೆ ಬರುತ್ತೆ" ಅಂದರು. "ಇಲ್ಲೂ ಹಾಗೇ ಕಣ್ರೀ" ಅಂದವಳೇ ಪೆನ್ನು ಹುಡುಕಿದಳು. ಸತ್ತ ಮಂಗ ಕಂಡರೆ ಮುಟ್ಟದೆ ಸುದ್ದಿ ಮುಟ್ಟಿಸುವುದು, ಆ ಜಾಗದ ಸುತ್ತ ಉಣುಗು ಸಾಯುವ ಪುಡಿ ಹೊಡೆಯುವುದು, ಇದೆಲ್ಲ ಅವಳಿಗೆ ಹೊಸದು. ಅರ್ಧ ಗಂಟೆ ಆಶಾಗಳೇ ಅವಳಿಗೆ ಪಾಠ ಮಾಡಿದರು. ನಾನು ಸುಮ್ನೆ ಕೂತಿದ್ದೆ.

ಕೊನೆಗೊಂದು ಪ್ರಶ್ನೆ ಬಂತು. "ಜರ್ಮನಿಯವರ ಜ್ವರಕ್ಕೆ ಲಸಿಕೆ ಇದೆ, ನಮಗ್ಯಾಕಿಲ್ಲ ಸಿಸ್ಟರ್?" ನಮ್ಮ ಹಳೇ ಲಸಿಕೆ ಸರಿಯಾಗಿ ಕಾಪಾಡುತ್ತಿರಲಿಲ್ಲ, ನಿಲ್ಲಿಸಿದರು, ಹೊಸದರ ಕೆಲಸ ನಡೆಯುತ್ತಿದೆ ಅಂದೆ. ಅವರಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ. ನನಗೂ ಆಗಿಲ್ಲ.

ನೆಟ್‌ವರ್ಕಿನ ಗೋಳು ಹಾಗೇ ಇದೆ. ಒಬ್ಬರು ಈಗಲೂ ಮನೆ ಹಿಂದಿನ ಗುಡ್ಡ ಹತ್ತಿ ಸೇರುತ್ತಾರೆ, ಕಾಲಿಗೆ ಡೆಪಾ ಹಚ್ಚಿಕೊಂಡೇ. ಮುಂದಿನ ವಾರ ಲ್ಯಾಬಿನವರು ರಕ್ತದ ಸ್ಯಾಂಪಲ್ ಪ್ಯಾಕ್ ಮಾಡುವುದನ್ನು ತೋರಿಸುತ್ತಾರೆ. ಹಳೇ ಎಟಿಎಂ ಕಾರ್ಡ್ ಇದ್ದರೆ ಎಸೆಯಬೇಡಿ, ನಾಯಿ ಸಾಕಿದವರು ಕೇಳುತ್ತಿದ್ದಾರೆ.