ನಾಟಕದ ವಿಡಿಯೊ ತರಗತಿಗೆ: ಹತ್ತು ನಿಮಿಷ ಹಾಕಿ, ಮೂರು ಪಿರಿಯಡ್ ದುಡಿಸಿಕೊಳ್ಳಿ

ಎಂಟು, ಒಂಬತ್ತು, ಹತ್ತು ಮೂರೂ ತರಗತಿಗಳನ್ನು ಒಟ್ಟಿಗೆ ಹಾಲ್‌ನಲ್ಲಿ ಕೂರಿಸಿ, ಎರಡೂಕಾಲು ಗಂಟೆಯ ನಾಟಕದ ರೆಕಾರ್ಡಿಂಗ್ ಹಾಕಿ, ಮೇಷ್ಟ್ರು ಪಕ್ಕದಲ್ಲಿ ಕೂತು ಪೇಪರ್ ತಿದ್ದುವುದು. ಶಾಲೆಗಳಲ್ಲಿ ರಂಗನಾಟಕದ ವಿಡಿಯೊ ಬಳಕೆ ಎಂದರೆ ಬಹುಪಾಲು ಇಷ್ಟೇ. ಇಪ್ಪತ್ತನೇ ನಿಮಿಷಕ್ಕೆ ಹಿಂದಿನ ಸಾಲಿನಲ್ಲಿ ಗುಸುಗುಸು ಶುರುವಾಗುತ್ತದೆ, ನಲವತ್ತಕ್ಕೆ ಮುಂದಿನ ಸಾಲಿನಲ್ಲೇ ತೂಕಡಿಕೆ. ಕೊನೆಗೆ "ಈಗಿನ ಮಕ್ಕಳಿಗೆ ನಾಟಕ ಹಿಡಿಸೊಲ್ಲ ಬಿಡಿ" ಅನ್ನುವ ತೀರ್ಪು.

ಹಿಡಿಸದಿರುವುದಕ್ಕೆ ಕಾರಣ ಬೇರೆ ಇದೆ. ರಂಗದ ಮೇಲಿನ ನಟ ಕೊನೆಯ ಸಾಲಿನವರಿಗೂ ಮುಟ್ಟಲಿ ಎಂದು ದನಿ, ಕೈ, ಕಣ್ಣು ಎಲ್ಲವನ್ನೂ ದೊಡ್ಡದು ಮಾಡಿರುತ್ತಾನೆ. ಕ್ಯಾಮೆರಾ ಹತ್ತಿರ ಹೋದರೆ ಅದು ಅತಿಯಾಗಿ ಕಾಣುತ್ತದೆ, ಹಾಲ್‌ನ ಹಿಂದೆ ನಿಂತರೆ ನಟ ಹೆಬ್ಬೆರಳಷ್ಟಾಗುತ್ತಾನೆ. ಜೊತೆಗೆ, ನಾಟಕಕ್ಕೆ ಬಂದವರ ಉಸಿರು, ಕತ್ತಲೆ, ಎದುರಿಗೇ ನಿಂತ ಮನುಷ್ಯನ ಬೆವರು ಯಾವುದೂ ವಿಡಿಯೊದಲ್ಲಿ ಬರುವುದಿಲ್ಲ. ಆದ್ದರಿಂದ ರೆಕಾರ್ಡಿಂಗನ್ನು ನಾಟಕದ ಬದಲಿಗೆ ತೋರಿಸಿದರೆ ಸೋಲು ಖಚಿತ. ಒಂದು ಪ್ರದರ್ಶನದ ದಾಖಲೆ ಎಂದು ಮುಂದಿಟ್ಟುಕೊಂಡು, ನಿಲ್ಲಿಸಿ, ಹಿಂದೆ ಓಡಿಸಿ, ಪಠ್ಯದ ಪಕ್ಕ ಇಟ್ಟು ನೋಡಿದರೆ ಪುಸ್ತಕವೊಂದರಿಂದಲೇ ಸಿಗದ್ದು ಸಿಗುತ್ತದೆ. ಇಡೀ ನಾಟಕ ನೋಡಲೇಬೇಕೆಂದರೆ ಮಕ್ಕಳನ್ನು ಬಸ್ಸು ಹತ್ತಿಸಿ ರಂಗಮಂದಿರಕ್ಕೆ ಕರೆದುಕೊಂಡು ಹೋಗಿ. ರಂಗಸಂಸ್ಥೆ ನೀನಾಸಂನ ಸಂಚಾರಿ ತಂಡ 'ತಿರುಗಾಟ' 1985ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ. ಹತ್ತಿರದ ಊರಿಗೆ ಬಂದಾಗ ತಪ್ಪಿಸಿಕೊಳ್ಳಬೇಡಿ.

ತರಗತಿಗೆ ಎಂಟರಿಂದ ಹತ್ತು ನಿಮಿಷದ ಒಂದು ತುಣುಕು ಸಾಕು. ಹೆಸರಾಂತ ದೃಶ್ಯವೇ ಆಗಬೇಕೆಂದಿಲ್ಲ. ಓದಿದಾಗ ಗೊತ್ತಾಗದೆ, ಆಡಿದಾಗ ಮಾತ್ರ ಗೊತ್ತಾಗುವ ಏನಾದರೊಂದು ಅದರಲ್ಲಿರಬೇಕು.

ಗಿರೀಶ ಕಾರ್ನಾಡರ ನಾಟಕ 'ತುಘಲಕ್' (1964) ಇದಕ್ಕೆ ಹೇಳಿ ಮಾಡಿಸಿದ್ದು. ಹದಿಮೂರು ದೃಶ್ಯಗಳಿವೆ. ಹೆಚ್ಚಿನವರು ಪ್ರಾರ್ಥನೆಯ ವೇಳೆ ಕೊಲೆಯ ಸಂಚು ನಡೆಯುವ ಆರನೇ ದೃಶ್ಯಕ್ಕೆ ಕೈಹಾಕುತ್ತಾರೆ. ರೋಚಕ ಹೌದು, ಆದರೆ ಮಕ್ಕಳು ಚೂರಿ ನೋಡುತ್ತಾರೆ, ಮಾತು ಕೇಳಿಸಿಕೊಳ್ಳುವುದಿಲ್ಲ. ಮೊದಲ ದೃಶ್ಯ ತೆಗೆದುಕೊಳ್ಳಿ. ದೆಹಲಿಯಲ್ಲಿ ನ್ಯಾಯಾಲಯದ ಮುಂದೆ ಜನ ನೆರೆದಿದ್ದಾರೆ. ಸುಲ್ತಾನನ ಮೇಲೇ ದಾವೆ ಹೂಡಿದ ಬ್ರಾಹ್ಮಣನೊಬ್ಬ ಗೆದ್ದಿದ್ದಾನೆ. ಸುಲ್ತಾನ ಬಂದು ರಾಜಧಾನಿಯನ್ನು ದೌಲತಾಬಾದಿಗೆ ಒಯ್ಯುವುದಾಗಿ ಸಾರುತ್ತಾನೆ. ಜನ ಚದುರಿದ ಮೇಲೆ ಗೊತ್ತಾಗುತ್ತದೆ, ಆ ಬ್ರಾಹ್ಮಣ ಬ್ರಾಹ್ಮಣನೇ ಅಲ್ಲ, ವೇಷ ಹಾಕಿದ ಅಗಸ ಅಜೀಜ.

ಓದುವಾಗ ಇದೊಂದು ಸುದ್ದಿಯಂತೆ ಬಂದುಹೋಗುತ್ತದೆ. ಆಡುವ ನಟನಿಗೆ ಮಾತ್ರ ಇದು ಮೊದಲ ಹೆಜ್ಜೆಯಿಂದಲೇ ಗೊತ್ತು. ಆದ್ದರಿಂದ ತುಣುಕನ್ನು ಗುಟ್ಟು ರಟ್ಟಾದ ತಕ್ಷಣ ನಿಲ್ಲಿಸಿ, ಮತ್ತೆ ಮೊದಲಿಗೆ ಹೋಗಿ. ಈಗ ಮಕ್ಕಳಿಗೆ ಒಂದೇ ಕೆಲಸ: ಬ್ರಾಹ್ಮಣನ ಭುಜ, ಕತ್ತು, ಕೈ ನೋಡುವುದು. ಹಣ, ನೌಕರಿಯ ಮಾತು ಬಂದಾಗ ಕತ್ತು ಎತ್ತ ತಿರುಗಿತು? ಜನಿವಾರದ ಮೇಲೆ ಕೈ ಎಷ್ಟು ಸಲ ಹೋಯಿತು? ನಟ ಸುಳಿವು ಬಿಟ್ಟುಕೊಟ್ಟಿದ್ದಾನೋ ಇಲ್ಲವೋ ಎಂಬುದರ ಮೇಲೆ ತರಗತಿ ಎರಡು ಪಾಲಾಗುತ್ತದೆ. ಸುಳಿವು ಕೊಡದಿದ್ದರೆ ಪ್ರೇಕ್ಷಕ ಜನಜಂಗುಳಿಯ ಜೊತೆ ತಾನೂ ಮೋಸ ಹೋಗುತ್ತಾನೆ; ಕೊಟ್ಟರೆ ಸುಲ್ತಾನನಿಗಿಂತ ಹೆಚ್ಚು ತಿಳಿದವನಾಗಿ ಕೂರುತ್ತಾನೆ. ಎರಡೂ ಸರಿಯೇ. ಆ ಜಗಳ ಹತ್ತಿಕೊಂಡರೆ ಪಾಠ ಅರ್ಧ ಆದ ಹಾಗೆ.

ಮೂರು ಪಿರಿಯಡ್‌ಗೆ ಹಂಚುವುದು ಹೀಗೆ. ಮೊದಲ ನಲವತ್ತು ನಿಮಿಷ ವಿಡಿಯೊ ಮುಟ್ಟಬೇಡಿ. ಮಕ್ಕಳೇ ಪಾತ್ರ ಹಂಚಿಕೊಂಡು ನಿಂತು ಓದಲಿ, ಭಾವ ತುಂಬು ಎಂದು ಒತ್ತಾಯ ಬೇಡ. ಆಮೇಲೆ ನೋಟ್‌ಬುಕ್ಕಿನಲ್ಲಿ ಒಂದು ಆಯತ ಬರೆದು, ಯಾರು ಎಲ್ಲಿ ನಿಂತಿರಬಹುದು, ಸುಲ್ತಾನ ಯಾವ ಕಡೆಯಿಂದ ಬರಬಹುದು ಎಂದು ಗುರುತು ಹಾಕಲಿ. ಈ ನಕ್ಷೆ ಇಲ್ಲದೆ ವಿಡಿಯೊ ಹಾಕಿದರೆ ನಿರ್ದೇಶಕ ಮಾಡಿದ್ದೇ ಸರಿ ಎಂದು ಒಪ್ಪಿಕೊಂಡುಬಿಡುತ್ತಾರೆ. ತಮ್ಮದೊಂದು ನಕ್ಷೆ ಕೈಲಿದ್ದಾಗ ಮಾತ್ರ "ಅಯ್ಯೋ, ಇವರು ಸುಲ್ತಾನನ್ನ ಕೆಳಗೇ ನಿಲ್ಲಿಸಿದ್ದಾರಲ್ಲ ಸಾರ್" ಎಂಬ ಮಾತು ಬರುತ್ತದೆ.

ಎರಡನೇ ಪಿರಿಯಡ್‌ನಲ್ಲಿ ಮೊದಲ ನಾಲ್ಕು ನಿಮಿಷ ಸದ್ದು ಆಫ್. ಮಾತಿಲ್ಲದಾಗ ಗುಂಪು ಹೇಗೆ ಸರಿಯುತ್ತದೆ, ಯಾರ ಸುತ್ತ ಖಾಲಿ ಜಾಗ ಬಿಡುತ್ತದೆ ಎಂಬುದು ಎದ್ದು ಕಾಣುತ್ತದೆ. ಆಮೇಲೆ ಸದ್ದಿನೊಂದಿಗೆ ಪೂರ್ತಿ ತುಣುಕು. ತರಗತಿಯನ್ನು ನಾಲ್ಕು ಗುಂಪು ಮಾಡಿ: ಒಂದು ಮಾತಾಡದವರನ್ನು ಮಾತ್ರ ನೋಡಬೇಕು, ಇನ್ನೊಂದು ಬೆಳಕು ಮತ್ತು ಸಂಗೀತ, ಮೂರನೆಯದು ಪುಸ್ತಕ ಹಿಡಿದು ಬಿಟ್ಟ ಸಾಲು, ಸೇರಿಸಿದ ಸಾಲು ಗುರುತಿಸಬೇಕು. ನಾಲ್ಕನೆಯ ಗುಂಪಿಗೆ ಕ್ಯಾಮೆರಾ. ಕ್ಯಾಮೆರಾ ಯಾರನ್ನು ತೋರಿಸುತ್ತಿಲ್ಲ ಎಂದು ಅವರು ಬರೆಯಬೇಕು. ಇದು ಅತಿ ಮುಖ್ಯ. ರಂಗದ ಮುಂದೆ ಕೂತವನ ಕಣ್ಣು ತನಗೆ ಬೇಕಾದ ಕಡೆ ಹೋಗುತ್ತದೆ. ವಿಡಿಯೊದಲ್ಲಿ ಆ ಆಯ್ಕೆಯನ್ನು ಬೇರೆಯವರು ಮಾಡಿರುತ್ತಾರೆ. ಸುಲ್ತಾನನ ಮುಖವೇ ತೆರೆ ತುಂಬಿದಾಗ ಹಿಂದೆ ನಿಂತ ಮುದುಕ ಏನು ಮಾಡುತ್ತಿದ್ದ ಎಂಬುದು ನಮಗೆ ಸಿಗುವುದೇ ಇಲ್ಲ.

ನೋಡುವಾಗ ಎರಡು ಕಡೆಗಿಂತ ಹೆಚ್ಚು ನಿಲ್ಲಿಸಬೇಡಿ. ಪ್ರತಿ ಮಾತಿಗೂ ನಿಲ್ಲಿಸಿ ವಿವರಿಸುವ ಚಟ ನಮ್ಮ ವೃತ್ತಿಗೆ ಅಂಟಿಕೊಂಡ ಜಾಡ್ಯ.

ಮೂರನೇ ಪಿರಿಯಡ್: ಬೆಂಚು ಹಿಂದೆ ಸರಿಸಿ, ಹತ್ತಡಿ ಎಂಟಡಿ ಜಾಗ ಮಾಡಿ, ಆರು ಮಕ್ಕಳು ಅದೇ ದೃಶ್ಯದ ಒಂದೂವರೆ ನಿಮಿಷವನ್ನು ವಿಡಿಯೊದಲ್ಲಿ ಕಂಡದ್ದಕ್ಕಿಂತ ಬೇರೆ ಥರ ಆಡಬೇಕು. ಈ ಷರತ್ತು ಹಾಕದಿದ್ದರೆ ನಟನ ನಕಲು ಮಾಡುತ್ತಾರೆ, ಅದೂ ಚೆನ್ನಾಗಿ. ಸರ್ಕಾರಿ ಪ್ರೌಢಶಾಲೆಗಳಲ್ಲಿ ಕೆಲವೆಡೆ ನಾಟಕ ಶಿಕ್ಷಕರೇ ಇದ್ದಾರೆ. ಇದ್ದರೆ ಈ ಪಿರಿಯಡ್ ಅವರಿಗೆ ಬಿಟ್ಟುಕೊಡಿ.

ಇದೇ ನಾಟಕದಿಂದ ಇನ್ನೊಂದು ಪಾಠ ಹೊರಡಿಸಬಹುದು. ಕಂಪನಿ ನಾಟಕಗಳಲ್ಲಿ ಬೀದಿ ಸೀನು ಮುಂದಿನ ಪರದೆಯ ಎದುರು ನಡೆಯುತ್ತಿರುವಾಗಲೇ ಪರದೆಯ ಹಿಂದೆ ದರ್ಬಾರಿನ ಸೀನು ಸಿದ್ಧವಾಗುತ್ತಿತ್ತು. ಪಾರ್ಸಿ ಕಂಪನಿಗಳ ಈ ಕಟ್ಟನ್ನೇ 'ತುಘಲಕ್'ನಲ್ಲಿ ಬಳಸಿಕೊಂಡೆ ಎಂದು ಕಾರ್ನಾಡರೇ ಬರೆದುಕೊಂಡಿದ್ದಾರೆ. ಬೀದಿಯ ಜನ ಮುಂದೆ, ಅರಸರು ಆಳದಲ್ಲಿ. ನಾಟಕ ಸಾಗಿದಂತೆ ಆ ಗೆರೆ ಕಲಸಿಹೋಗುತ್ತದೆ. ನಿಮ್ಮ ರೆಕಾರ್ಡಿಂಗ್‌ನ ನಿರ್ದೇಶಕರು ಆ ಗೆರೆ ಉಳಿಸಿಕೊಂಡಿದ್ದಾರೆಯೇ? ರಂಗ ನಿರ್ದೇಶಕ ಇಬ್ರಾಹಿಂ ಅಲ್ಕಾಜಿ 1972ರಲ್ಲಿ ಈ ನಾಟಕವನ್ನು ದೆಹಲಿಯ ಪುರಾನಾ ಕಿಲಾದಲ್ಲಿ, ನಿಜವಾದ ಕೋಟೆಯ ಅವಶೇಷಗಳ ನಡುವೆ ಆಡಿಸಿದರು. ಅದರ ಒಂದು ಫೋಟೊ ಪಕ್ಕದಲ್ಲಿಟ್ಟರೆ, ಪರದೆಯೇ ಇಲ್ಲದ ಜಾಗದಲ್ಲಿ ಬೀದಿ ಎಲ್ಲಿ, ಅರಮನೆ ಎಲ್ಲಿ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಸಮಾಜ ವಿಜ್ಞಾನದವರನ್ನೂ ಸೇರಿಸಿಕೊಳ್ಳಿ: ಮುಹಮ್ಮದ್ ಬಿನ್ ತುಘಲಕ್ ಆಳಿದ್ದು 1325ರಿಂದ 1351. ಪಠ್ಯದಲ್ಲಿ ಒಂದು ಪ್ಯಾರಾ ಇರುವ ದೊರೆಗೆ ನಾಟಕಕಾರ ಏನೇನು ಸೇರಿಸಿದ ಎಂದು ಎರಡು ಕಾಲಂ ಮಾಡಿಸಿದರೆ, ನಾಟಕವನ್ನೇ ಇತಿಹಾಸ ಎಂದುಕೊಳ್ಳುವ ಅಪಾಯ ತಪ್ಪುತ್ತದೆ.

ಮಾತಿನ ರುಚಿಗೆ ಬೇರೆ ನಾಟಕ ಬೇಕು. ಕೈಲಾಸಂ ಅವರ ಇಂಗ್ಲಿಷ್ ಬೆರೆತ ಮನೆಮಾತು ಕಾಗದದ ಮೇಲೆ ಮುಳ್ಳುಬೇಲಿ, ಕಿವಿಗೆ ಬಿದ್ದರೆ ನಗೆ. ಕಂಬಾರರ ನಾಟಕಗಳ ಬೆಳಗಾವಿ ಕಡೆಯ ಮಾತಿಗೆ ಮೈಸೂರು ಸೀಮೆಯ ಮಕ್ಕಳು ಓದುವಾಗ ಎಡವುತ್ತಾರೆ, ನಟರ ಬಾಯಲ್ಲಿ ಕೇಳಿದರೆ ದಾರಿ ಸುಗಮ. ಇಂಥ ಕಡೆ ಚಿತ್ರ ಮುಚ್ಚಿ ಬರೀ ಸದ್ದು ಕೇಳಿಸಿ.

ಇನ್ನು ಯಂತ್ರದ ಕಥೆ. ಅರ್ಧ ಪಾಠ ಹಾಳಾಗುವುದು ಇಲ್ಲೇ.

ಇಂಟರ್‌ನೆಟ್ ನೆಚ್ಚಿಕೊಂಡು ನೇರವಾಗಿ ಹಾಕಬೇಡಿ. ಅನುಮತಿಯ ದಾರಿಯಲ್ಲಿ ಫೈಲ್ ಪಡೆದು ಇಟ್ಟುಕೊಳ್ಳಿ. ಎರಡು ಗಂಟೆಯ ಫುಲ್ ಎಚ್‌ಡಿ ನಾಟಕ ಸೆಕೆಂಡಿಗೆ 8 ಮೆಗಾಬಿಟ್ ಲೆಕ್ಕದಲ್ಲಿ ಸುಮಾರು 7.2 ಜಿಬಿ ಆಗುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಅದರಲ್ಲಿ ಕೂರುವುದೇ ಇಲ್ಲ, 32 ಜಿಬಿ ಖಾಲಿ ಇದ್ದರೂ. ಅದನ್ನು ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ಗೆ ಬದಲಿಸಿದರೆ ಹಳೆಯ ಟಿವಿ ಪೆನ್‌ಡ್ರೈವನ್ನೇ ಗುರುತಿಸದಿರಬಹುದು. ಸುಲಭ ದಾರಿ: ಬೇಕಾದ ಹತ್ತು ನಿಮಿಷವನ್ನಷ್ಟೇ ಕತ್ತರಿಸಿ ಎಂಪಿ4 ಮಾಡಿ, ಚಿತ್ರ ಎಚ್.264 ಫಾರ್ಮ್ಯಾಟ್‌ನಲ್ಲಿ, ಸದ್ದು ಎಎಸಿಯಲ್ಲಿ ಇರಲಿ. ಚಿತ್ರ ಬರುತ್ತದೆ, ಸದ್ದು ಬರುವುದಿಲ್ಲ ಎಂಬ ದೂರಿಗೆ ಹೆಚ್ಚಿನ ಸಲ ಟಿವಿಗೆ ಅರ್ಥವಾಗದ ಸದ್ದಿನ ಫಾರ್ಮ್ಯಾಟೇ ಕಾರಣ.

ಬೆಳಕು. ಸಿನಿಮಾಗಿಂತ ನಾಟಕದ ರೆಕಾರ್ಡಿಂಗ್ ತುಂಬಾ ಕಪ್ಪು; ನಟನ ಮೇಲೊಂದು ಬೆಳಕಿನ ವೃತ್ತ, ಸುತ್ತ ಕತ್ತಲೆ. ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಎಸೆಯಲು ಬರುವುದಿಲ್ಲ. ಕಿಟಕಿಯ ಬೆಳಕು ಬಿದ್ದ ಗೋಡೆ ಎಷ್ಟು ಬಿಳಿಯೋ ನಾಟಕದ ಕತ್ತಲೆಯೂ ಅಷ್ಟೇ ಬಿಳಿ. ಆದ್ದರಿಂದ ಕಿಟಕಿಯ ಎದುರು ಗೋಡೆಗೆ ಬಿಡದೆ, ಕಿಟಕಿ ಇರುವ ಗೋಡೆಗೇ ತೆರೆ ಕಟ್ಟಿ, ಉಳಿದ ಸಂದುಗಳಿಗೆ ಕಪ್ಪು ಬಟ್ಟೆ. 55 ಇಂಚಿನ ಟಿವಿಯಾದರೆ ಚಿತ್ರದ ಎತ್ತರ ಸುಮಾರು 68 ಸೆಂ.ಮೀ.; ಅದರ ಆರು ಪಟ್ಟು, ಅಂದರೆ ನಾಲ್ಕು ಮೀಟರ್ ಆಚೆ ಕೂತವರಿಗೆ ನಟರ ಮುಖಭಾವ ಸಿಗುವುದಿಲ್ಲ. ಮುಂದಿನ ಎರಡು ಬೆಂಚು ತೆಗೆದು ಜಮಖಾನ ಹಾಸಿ ಮಕ್ಕಳನ್ನು ಕೆಳಗೆ ಕೂರಿಸಿದರೆ ಹಿಂದಿನವರೂ ಹತ್ತಿರ ಬರುತ್ತಾರೆ, ತಲೆಯೂ ಅಡ್ಡ ಬರುವುದಿಲ್ಲ. ಆ ಜಮಖಾನ ಪ್ರತಿಧ್ವನಿಯನ್ನೂ ಸ್ವಲ್ಪ ನುಂಗುತ್ತದೆ.

ಸದ್ದಿನದ್ದೇ ದೊಡ್ಡ ತಾಪತ್ರಯ. ದೂರದ ಮೈಕ್ ಹಿಡಿದ ಮಾತಿಗೆ ಆ ರಂಗಮಂದಿರದ ಪ್ರತಿಧ್ವನಿ ಮೊದಲೇ ಅಂಟಿರುತ್ತದೆ, ನಮ್ಮ ಸಿಮೆಂಟ್ ಗೋಡೆ ಇನ್ನೊಂದು ಸೇರಿಸುತ್ತದೆ. ಕೇಳಿಸುತ್ತಿಲ್ಲ ಎಂದು ವಾಲ್ಯೂಮ್ ಏರಿಸಿದರೆ ಪ್ರತಿಧ್ವನಿಯೂ ಏರುತ್ತದೆ. ಮಾಡಬೇಕಾದದ್ದು ಈಕ್ವಲೈಜರ್‌ನಲ್ಲಿ ಬಾಸ್ (ತಗ್ಗಿನ ದಪ್ಪ ಸದ್ದು) ಇಳಿಸಿ, 2ರಿಂದ 4 ಕಿಲೊಹರ್ಟ್ಸ್ ಭಾಗ ಸ್ವಲ್ಪ ಎತ್ತುವುದು; ಕ, ತ, ಪ, ಸ ಸ್ಪಷ್ಟವಾಗುವುದು ಅಲ್ಲಿಯೇ. ಸ್ಪೀಕರ್ ತೆರೆಯ ಬುಡದಲ್ಲಿ, ಕೂತ ಮಕ್ಕಳ ಕಿವಿಯ ಎತ್ತರಕ್ಕೆ ಇರಲಿ. ಬ್ಲೂಟೂತ್ ಸ್ಪೀಕರ್ ಆದರೆ ಸದ್ದು ತುಟಿಯ ಹಿಂದೆ ಬೀಳುತ್ತದೆ. ವಿಎಲ್‌ಸಿ ಪ್ಲೇಯರ್‌ನಲ್ಲಿ 'ಜೆ' ಒತ್ತಿದಷ್ಟು ಸಲ ಸದ್ದು 50 ಮಿಲಿಸೆಕೆಂಡ್ ಬೇಗ ಬರುತ್ತದೆ, 'ಕೆ' ಒತ್ತಿದರೆ ತಡವಾಗಿ. ವೈರ್ ಹಾಕಿದರೆ ಈ ರಗಳೆಯೇ ಇಲ್ಲ. ಫ್ಯಾನ್ ಅರ್ಧ ಆರಿಸಿ. ಜುಲೈ ತಿಂಗಳಲ್ಲಿ ಮಲೆನಾಡಿನ ತಗಡಿನ ಸೂರಿನ ಕೆಳಗೆ ಈ ಪಾಠ ಇಟ್ಟುಕೊಂಡರೆ ದೇವರೇ ಗತಿ.

ಹಕ್ಕಿನ ವಿಚಾರ ಚಿಕ್ಕದಾಗಿ: 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಶಾಲೆಯ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರಿಗಷ್ಟೇ ತೋರಿಸುವುದಕ್ಕೆ ಅವಕಾಶ ಕೊಡುತ್ತದೆ. ಊರಿನವರನ್ನೆಲ್ಲ ಕರೆದು ತೋರಿಸುವುದು, ತುಣುಕನ್ನು ಶಾಲೆಯ ಯೂಟ್ಯೂಬ್ ಚಾನೆಲ್‌ಗೆ ಏರಿಸುವುದು ಅದರೊಳಗೆ ಬರುವುದಿಲ್ಲ. ತಂಡಕ್ಕೆ ಒಂದು ಪತ್ರ ಬರೆದು ಒಪ್ಪಿಗೆ ಕೇಳಿ. ಹಾಗೆ ಬರೆದಾಗ ನಟರೊಬ್ಬರು ಮಕ್ಕಳ ಜೊತೆ ಫೋನಿನಲ್ಲಿ ಮಾತಾಡಲು ಒಪ್ಪುವುದೂ ಉಂಟು.

ಶಾಲೆಯ ವಾರ್ಷಿಕೋತ್ಸವದ ನಾಟಕವನ್ನೇ ಮುಂದಿನ ವರ್ಷದ ಪಾಠಕ್ಕೆ ಚಿತ್ರೀಕರಿಸುವುದಾದರೆ, ಒಂದು ಫೋನ್ ಇಡೀ ರಂಗ ಕಾಣುವಂತೆ ಸ್ಟ್ಯಾಂಡ್ ಮೇಲೆ ಅಲ್ಲಾಡದೆ ನಿಲ್ಲಲಿ. ಇನ್ನೊಂದನ್ನು ಕೈಲಿ ಹಿಡಿದು ಹತ್ತಿರದ ಚಿತ್ರ ತೆಗೆಯಬಹುದು. ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣ) ಲಾಕ್ ಮಾಡದಿದ್ದರೆ ಹಿಂದಿನ ಕತ್ತಲೆ ನೋಡಿ ಫೋನು ತಾನೇ ಬೆಳಕು ಹೆಚ್ಚಿಸಿ ಮಕ್ಕಳ ಮುಖವನ್ನು ಸುಣ್ಣ ಬಳಿದ ಗೋಡೆ ಮಾಡುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಸೆಕೆಂಡಿಗೆ 25 ಫ್ರೇಮ್, ಷಟರ್ 1/50 ಸೆಕೆಂಡ್ ಇಟ್ಟರೆ ಲೈಟ್ ಮಿಣುಕುವುದು ಬಹುಮಟ್ಟಿಗೆ ನಿಲ್ಲುತ್ತದೆ. ಏರ್‌ಪ್ಲೇನ್ ಮೋಡ್ ಮರೆತರೆ ಕ್ಲೈಮ್ಯಾಕ್ಸ್‌ಗೆ ಸರಿಯಾಗಿ ಯಾರದ್ದೋ ಕರೆ ಬಂದು ರೆಕಾರ್ಡಿಂಗ್ ನಿಂತುಹೋಗುತ್ತದೆ. ಸದ್ದಿಗೆ ಮೂರನೆಯ ಫೋನ್, ರಂಗದ ಅಂಚಿನಲ್ಲಿ ದಪ್ಪ ಸ್ಪಂಜಿನ ಮೇಲೆ; ಹಲಗೆಯ ಮೇಲೆ ನೇರವಾಗಿ ಇಟ್ಟರೆ ಹೆಜ್ಜೆ ಸಪ್ಪಳವೇ ಮಾತನ್ನು ಮುಚ್ಚುತ್ತದೆ. ಶುರುವಿನಲ್ಲಿ ಮೂರಕ್ಕೂ ಕೇಳುವಂತೆ ಒಂದು ಚಪ್ಪಾಳೆ ಹೊಡೆಯಿರಿ, ಆಮೇಲೆ ಹೊಂದಿಸಲು ಅದೇ ಗುರುತು. ಪೋಷಕರ ಲಿಖಿತ ಒಪ್ಪಿಗೆ ಮೊದಲೇ ತೆಗೆದುಕೊಳ್ಳಿ, ಯಾವ ಬಳಕೆಗೆ ಎಂದು ಅದರಲ್ಲೇ ಬರೆದಿರಲಿ.

ಪ್ರತಿ ತುಣುಕಿಗೂ ಒಂದು ಹಾಳೆ ಇಡಿ: ಎಷ್ಟನೇ ನಿಮಿಷ-ಸೆಕೆಂಡ್‌ನಿಂದ ಎಷ್ಟರವರೆಗೆ, ಪುಸ್ತಕದ ಯಾವ ಪುಟ, ಎಲ್ಲಿ ನಿಲ್ಲಿಸಬೇಕು, ಯಾವ ಪ್ರಶ್ನೆ. ವಿಎಲ್‌ಸಿಯಲ್ಲಿ ಕಂಟ್ರೋಲ್ ಜೊತೆ ಟಿ ಒತ್ತಿ ಆ ಸಮಯ ಬರೆದರೆ ನೇರ ಅಲ್ಲಿಗೇ ಹೋಗುತ್ತದೆ. ಹುಡುಕುತ್ತಾ ಕೂತ ಐದು ನಿಮಿಷದಲ್ಲಿ ತರಗತಿ ಕೈಬಿಟ್ಟು ಹೋಗಿರುತ್ತದೆ. ಫೈಲ್‌ಗೆ ಹೆಸರಿಡುವಾಗ ನಾಟಕ, ತಂಡ, ನಿರ್ದೇಶಕರು, ಪ್ರದರ್ಶನದ ವರ್ಷ, ದೃಶ್ಯದ ಸಂಖ್ಯೆ ಇಷ್ಟೂ ಇರಲಿ. 'ನಾಟಕ ಫೈನಲ್ 2' ಎಂಬ ಫೈಲ್ ಯಾವುದೆಂದು ಎರಡು ವರ್ಷದ ನಂತರ ಹೇಳಬಲ್ಲವರು ಅಷ್ಟರಲ್ಲಿ ಬೇರೆ ಶಾಲೆಗೆ ವರ್ಗವಾಗಿರುತ್ತಾರೆ.