ಮುಕ್ಕಾಲು ಗುಡ್ಡ ಹತ್ತಿದ್ಮೇಲೆ ಎಂಜಿನ್ ಆಫ್ ಆಯ್ತು

ಬೆಳಗ್ಗೆ ಆರೂವರೆಗೆಲ್ಲ ಟಾರ್ ರೋಡ್ ಮುಗೀತು, ಮುಂದೆ ಬರೀ ಮಣ್ಣು, ಕಲ್ಲು, ರಾತ್ರಿ ಮಳೆಗೆ ನೆಂದ ಹುಲ್ಲು. ಎರಡು ಜೀಪು, ನಾಲ್ಕು ಜನ. ಮೊದ್ಲು ಟೈರ್ ಗಾಳಿ 32 ಪಿಎಸ್‌ಐ ಇದ್ದಿದ್ದನ್ನ 22ಕ್ಕೆ ಇಳಿಸಿದ್ವಿ, ಗಾಳಿ ಕಮ್ಮಿ ಆದ್ರೆ ಟೈರು ಅಗಲವಾಗಿ ನೆಲಕ್ಕೆ ಕೂರುತ್ತೆ, ಹಿಡಿತ ಸಿಗುತ್ತೆ. ಆಮೇಲೆ ಕ್ಯಾರಿಯರ್ ಮೇಲಿದ್ದ ಭಾರದ ಸಾಮಾನೆಲ್ಲ ಒಳಗೆ ತಳದಲ್ಲಿಟ್ಟು ಹಗ್ಗ ಬಿಗಿದ್ವಿ, ಯಾಕಂದ್ರೆ ಮೇಲ್ಗಡೆ ಭಾರ ಇದ್ರೆ ಪಕ್ಕಕ್ಕೆ ವಾಲಿದಾಗ ಗಾಡಿ ಬೇಗ ಮಗುಚುತ್ತೆ.

ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ ನಡ್ಕೊಂಡೇ ತುದಿವರೆಗೂ ಹೋಗಿ ನೋಡ್ಕೊಂಡು ಬಂದ್ವಿ. ತುಂಬಾ ಜನ ಇದನ್ನ ಬಿಟ್ಬಿಡ್ತಾರೆ, ನಂಗೆ ನಿಜ್ವಾಗ್ಲೂ ಬೇಜಾರಾಗುತ್ತೆ. ನೆತ್ತಿ ಹತ್ರ ಬಂದಾಗ ಡ್ರೈವರ್ ಸೀಟಿಂದ ಬಾನೆಟ್ಟು, ಆಕಾಶ ಅಷ್ಟೇ ಕಾಣೋದು, ಆಚೆ ದಾರಿ ಇದೆಯೋ ಕಮರಿ ಇದೆಯೋ ಮೊದ್ಲೇ ಗೊತ್ತಿರ್ಬೇಕು. ಅಲ್ಲಿ ದಾರಿ ಗಕ್ಕನೆ ಎಡಕ್ಕೆ ತಿರುಗ್ತಿತ್ತು.

ಮುಂದಿನ ಜೀಪು ಹತ್ತಿ ಆಚೆ ಇಳಿಯೋವರೆಗೂ ನಾವು ಕೆಳಗೇ ಕಾದ್ವಿ. ಆಮೇಲೆ ನನ್ನ ಸರದಿ. ಫೋರ್ ವೀಲ್ ಲೋ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ, ವೇಗ ಕಮ್ಮಿ ಎಳೆತ ಜಾಸ್ತಿ), ಎರಡನೇ ಗೇರು, ನೇರ ಮೇಲಕ್ಕೆ. ಹೆಬ್ಬೆರಳು ಸ್ಟೇರಿಂಗ್ ಒಳಗೆ ಸಿಕ್ಕಿಸಿರ್ಲಿಲ್ಲ, ಟೈರು ಕಲ್ಲಿಗೆ ಬಡಿದ್ರೆ ಸ್ಟೇರಿಂಗ್ ಗಿರ್ರಂತ ತಿರುಗಿ ಬೆರಳು ಮುರಿಯುತ್ತೆ. ಮುಕ್ಕಾಲು ಭಾಗ ಹತ್ತಿದ್ದೀವಿ, ಮುಂದಿನ ಟೈರು ಮೊಣಕಾಲೆತ್ತರದ ಕಲ್ಲಿಗೆ ಒತ್ತಿ ನಿಂತು ಎಂಜಿನ್ ಆಫ್!

ಬ್ರೇಕ್ ಮೇಲೆ ಕಾಲು ಊರಿಬಿಟ್ಟೆ. ಬೆನ್ನು ಸೀಟಿಗೆ ಅಂಟ್ಕೊಂಡಿದೆ, ಕನ್ನಡೀಲಿ ಇಳಿಜಾರು ಬಿಟ್ರೆ ಏನೂ ಇಲ್ಲ, ಪಕ್ಕದಲ್ಲಿದ್ದ ಗೆಳೆಯ ಮೆಲ್ಲಗೆ "ಸ್ಟೇರಿಂಗ್ ಮಾತ್ರ ತಿರುಗಿಸ್ಬೇಡ ಕಣೋ" ಅಂದ. ಅಲ್ಲೇ ತಿರುಗಿಸ್ಕೊಂಡು ಇಳಿದ್ಬಿಡೋಣ ಅಂತ ಮನಸ್ಸು ಹೇಳುತ್ತೆ, ಆದ್ರೆ ಗಾಡಿ ಅಡ್ಡ ನಿಂತ್ರೆ ಉರುಳೋಕೆ ಜಾಸ್ತಿ ಹೊತ್ತು ಬೇಡ. ನ್ಯೂಟ್ರಲ್ಲಲ್ಲಿ ಹಿಂದಕ್ಕೆ ಬಿಡೋದಂತೂ ಇನ್ನೂ ಅಪಾಯ, ಎಂಜಿನ್ ಹಿಡಿತಾನೇ ಇರಲ್ಲ. ಹ್ಯಾಂಡ್‌ಬ್ರೇಕ್ ಎಳೆದೆ, ಕ್ಲಚ್ ಒತ್ತಿ ರಿವರ್ಸ್ ಹಾಕ್ದೆ, ಬ್ರೇಕ್ ಬಿಡದೇನೇ ಸ್ಟಾರ್ಟ್ ಮಾಡಿದೆ. ಹ್ಯಾಂಡ್‌ಬ್ರೇಕ್ ಇಳಿಸಿ, ಕ್ಲಚ್ ಪೂರ್ತಿ ಬಿಡ್ತಾ ಜೊತೆಗೇ ಇನ್ನೊಂದು ಕಾಲನ್ನ ಬ್ರೇಕಿಂದ ಸ್ವಲ್ಪ ಸ್ವಲ್ಪನೇ ಎತ್ತಿದೆ. ಗಾಡಿ ಗೇರಿನ ಹಿಡಿತದಲ್ಲೇ ನಡೆದಂಗೆ ಹಿಂದಕ್ಕೆ ಬಂತು, ಕೆಳಗೆ ಪಕ್ಕದಲ್ಲಿ ನಿಂತಿದ್ದವನ ಕೈಸನ್ನೆ ನೋಡ್ಕೊಂಡು ಬಂದ ದಾರೀಲೇ ನೇರ ಬುಡಕ್ಕೆ. ಅಷ್ಟೊತ್ತಿಗೆ ಅಂಗೈ ಪೂರ್ತಿ ಒದ್ದೆ.

ಎರಡನೇ ಸಲ ಆ ಕಲ್ಲನ್ನ ಎಡಕ್ಕೆ ಬಿಟ್ಟು ಹೋದ್ವಿ, ಸಲೀಸಾಗಿ ಹತ್ತಿತು.

ಆಚೆ ಇಳಿಯುವಾಗ ಲೋದಲ್ಲೇ ಒಂದನೇ ಗೇರು, ಕ್ಲಚ್ ಹತ್ರ ಕಾಲೇ ಇಡ್ಲಿಲ್ಲ. ಒದ್ದೆ ಹುಲ್ಲಲ್ಲಿ ಬ್ರೇಕ್ ಜೋರಾಗಿ ಒತ್ತಿದ್ರೆ ಚಕ್ರ ಲಾಕ್ ಆಗಿ ಗಾಡಿ ಜಾರುತ್ತೆ, ಆಮೇಲೆ ಸ್ಟೇರಿಂಗ್ ಮಾತು ಕೇಳಲ್ಲ. ಒಂದ್ಕಡೆ ಹಿಂಭಾಗ ಬಲಕ್ಕೆ ಸರೀತು, ಬ್ರೇಕ್ ಒತ್ತದೆ ಮೂತೀನ ಇಳಿಜಾರಿನ ಕಡೆಗೇ ತಿರುಗಿಸಿ ಚೂರೇ ಚೂರು ಆಕ್ಸಿಲರೇಟರ್ ಕೊಟ್ಟೆ, ನೇರ ಆಯ್ತು. ಕೆಳಗೆ ಕಾಯ್ತಿದ್ದ ಇನ್ನೊಂದು ಜೀಪಿನವ್ರು ಅಷ್ಟರಲ್ಲಿ ಗಾಳಿ ಪಂಪು ಹೊರಗೆ ತೆಗೆದಿಟ್ಟಿದ್ರು.